ಡಂಬಲ್‌ಡೋರ್ ಕೋಣೆಯ ಟೆಲಿಫೋನ್ ಡೈರೆಕ್ಟರಿ

ಹ್ಯಾರಿ ಪಾಟರ್ ಸಿನಿಮಾ ನೋಡಿದವರಿಗೆ ಹೆಡ್‌ಮಾಸ್ಟರ್ ಡಂಬಲ್‌ಡೋರ್ ಅವರ ಕೋಣೆ ನೆನಪಿರುತ್ತೆ. ದುಂಡಗಿನ ಗೋಡೆ, ಗೋಡೆಗೆಲ್ಲ ಕಪಾಟು, ಕಪಾಟಿನ ತುಂಬ ಚರ್ಮದ ರಟ್ಟಿನ ದಪ್ಪದಪ್ಪ ಪುಸ್ತಕ. ಪ್ರಪಂಚದ ಮಂತ್ರವಿದ್ಯೆಯೆಲ್ಲ ಅಲ್ಲೇ ಇದೆ ಅಂತ ನೋಡುವವರಿಗೆ ಅನ್ನಿಸಬೇಕು, ಅನ್ನಿಸುತ್ತೆ. ಆ ಪುಸ್ತಕಗಳಲ್ಲಿ ಬಹುಪಾಲು ಬ್ರಿಟನ್ನಿನ ಟೆಲಿಫೋನ್ ಡೈರೆಕ್ಟರಿಗಳು. ಹಳೇ ಡೈರೆಕ್ಟರಿಗೆ ಹೊಸ ರಟ್ಟು ಕಟ್ಟಿ, ಮೇಲೆ ಒಂದಿಷ್ಟು ಧೂಳು ಕೂರಿಸಿ ಜೋಡಿಸಿದ್ದಾರೆ, ಅಷ್ಟೆ. ಸ್ನೇಪ್ ಮೇಷ್ಟ್ರ ಕ್ಲಾಸ್‌ರೂಮಿನ ಗಾಜಿನ ಜಾಡಿಗಳನ್ನ ನೋಡಿ ಮೈ ಜುಂ ಅಂದಿತ್ತಲ್ಲ, ಅದರೊಳಗೆ ಇರೋದು ಮಾಂಸದ ಅಂಗಡಿಯಿಂದ ತಂದು ಓವನ್ನಿನಲ್ಲಿ ಸುಟ್ಟ ಮೂಳೆ, ಒಣಗಿದ ಸೊಪ್ಪು, ಲಂಡನ್ ಮೃಗಾಲಯದ ಗಿಫ್ಟ್ ಶಾಪಿನಲ್ಲಿ ಸಿಗುವ ಆಟಿಕೆ ಪ್ರಾಣಿ.

ಇದನ್ನ ಯಾವ ಪತ್ತೇದಾರನೂ ಬಯಲು ಮಾಡಿದ್ದಲ್ಲ. ಸಿನಿಮಾ ಮಾಡಿದವರೇ ಟಿಕೆಟ್ ಇಟ್ಟು ಹೇಳ್ತಾರೆ. ನಾವು ದುಡ್ಡು ಕೊಟ್ಟು ಹೇಳಿಸಿಕೊಂಡು, ಖುಷಿಯಾಗಿ, ಹೊರಗೆ ಬರುವಾಗ ಒಂದು ಮಂತ್ರದಂಡ ಖರೀದಿ ಮಾಡಿಕೊಂಡು ಬರ್ತೀವಿ. ಇದು ನನಗೆ ಬಹಳ ವಿಚಿತ್ರ ಅನ್ನಿಸಿರುವ ಸಂಗತಿ. ಮೋಸ ಹೋದವನು ಮೋಸ ಗೊತ್ತಾದ ಮೇಲೆ ಸಿಟ್ಟಾಗಬೇಕು. ಇಲ್ಲಿ ಮೋಸ ಗೊತ್ತಾದಷ್ಟೂ ಪ್ರೀತಿ ಜಾಸ್ತಿ ಆಗತ್ತೆ. ಯಾಕೆ?

ಜಾಗದ ಬಗ್ಗೆ ಎರಡು ಮಾತು. ಲಂಡನ್ನಿನ ಯೂಸ್ಟನ್ ಸ್ಟೇಷನ್ನಿನಲ್ಲಿ ರೈಲು ಹತ್ತಿದರೆ ಸುಮಾರು ಇಪ್ಪತ್ತು ನಿಮಿಷಕ್ಕೆ ವ್ಯಾಟ್‌ಫರ್ಡ್ ಜಂಕ್ಷನ್. ಅಲ್ಲಿಂದ ಬಸ್ಸಿನಲ್ಲಿ ಸ್ವಲ್ಪ ದೂರ ಹೋದರೆ ಲೀವ್ಸ್‌ಡೆನ್. ಎರಡನೇ ಮಹಾಯುದ್ಧದಲ್ಲಿ ಮಸ್ಕಿಟೊ, ಹ್ಯಾಲಿಫ್ಯಾಕ್ಸ್ ಅನ್ನುವ ಯುದ್ಧವಿಮಾನಗಳನ್ನ ಜೋಡಿಸುತ್ತಿದ್ದ ಕಾರ್ಖಾನೆ ಅದು. ವಿಮಾನದ ಕೆಲಸ ಮುಗಿದು ಖಾಲಿ ಬಿದ್ದಿದ್ದಾಗ 1995ರ ಜೇಮ್ಸ್ ಬಾಂಡ್ ಚಿತ್ರ 'ಗೋಲ್ಡನ್‌ಐ'ಗೆ ಅದನ್ನ ಸ್ಟುಡಿಯೋ ಮಾಡಿಕೊಂಡರು. ಆಮೇಲೆ 2001ರಿಂದ 2011ರವರೆಗೆ ತೆರೆಗೆ ಬಂದ ಎಂಟೂ ಹ್ಯಾರಿ ಪಾಟರ್ ಚಿತ್ರಗಳಿಗೆ ಅದೇ ಮನೆ. ಶೂಟಿಂಗ್ ಎಲ್ಲ ಮುಗಿದ ಮೇಲೆ, 2012ರ ಮಾರ್ಚ್ 31ರಂದು, ಸೆಟ್ಟು, ಬಟ್ಟೆ, ಸಾಮಾನುಗಳನ್ನ ಜನಕ್ಕೆ ತೋರಿಸೋಕೆ ಶುರು ಮಾಡಿದರು. ಟಿಕೆಟ್ ಮೊದಲೇ ಬುಕ್ ಮಾಡಬೇಕು, ದೊಡ್ಡವರಿಗೆ ತಲೆಗೆ 50 ಪೌಂಡ್ ದಾಟತ್ತೆ. ಆನ್‌ಸೈಟ್ ಅಂತ ಹೋದ ನಮ್ಮಂಥವರು ಅಲ್ಲಿಗೆ ಕಾಲಿಟ್ಟ ಕೂಡಲೇ ಮಾಡುವ ಕೆಲಸ ರೂಪಾಯಿ ಲೆಕ್ಕ. ನಾನು ಆ ಲೆಕ್ಕ ಮಾಡಿಯೂ ಮೂರು ಸಲ ಹೋಗಿದೀನಿ.

ಅಷ್ಟು ಹುಚ್ಚಿಗೆ ಕಾರಣ ಇದೆ. ಹೊಸನಗರದ ಕಡೆಯ ಹಳ್ಳಿಯಿಂದ ಇಂಜಿನಿಯರಿಂಗಿಗೆ ಬಂದವನಿಗೆ ಹಾಸ್ಟೆಲಿನ ಡಿಸಿ ಪ್ಲಸ್‌ಪ್ಲಸ್‌ನಲ್ಲಿ ಸಿಕ್ಕ ಮೊದಲ ಇಂಗ್ಲಿಷ್ ಪುಸ್ತಕ ಹ್ಯಾರಿ ಪಾಟರ್. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಓದಿದ್ದು. ಡಿಕ್ಷನರಿಯಲ್ಲಿ ಸಿಗದ ಶಬ್ದವೆಲ್ಲ ಲೇಖಕಿ ಹುಟ್ಟಿಸಿದ್ದು ಅಂತ ಗೊತ್ತಾಗೋಕೆ ಎರಡು ಅಧ್ಯಾಯ ಬೇಕಾಯ್ತು. ಮೂರನೇ ಪುಸ್ತಕದ ಹೊತ್ತಿಗೆ ಡಿಕ್ಷನರಿ ಮುಚ್ಚಿಟ್ಟೆ. ಇವತ್ತು ಕ್ಲೈಂಟ್ ಜೊತೆ ಕಾಲ್‌ನಲ್ಲಿ ನಾನು ತಡವರಿಸದೆ ಮಾತಾಡೋದರ ಹಿಂದೆ ಆ ಕನ್ನಡಕದ ಹುಡುಗ ಇದಾನೆ. ಹಾಗಾಗಿ ನಾನು ಬರೀತಿರೋದು ವಿಮರ್ಶಕನ ಥರ ಅಲ್ಲ, ಅಭಿಮಾನಿಯಾಗಿ.

ಈಗ ಪ್ರಶ್ನೆಗೆ ಬರೋಣ. ನಮ್ಮಲ್ಲಿ ಭ್ರಮೆ ಅಂದಾಕ್ಷಣ ಎಲ್ಲರ ಬಾಯಲ್ಲೂ ಬರುವ ಉದಾಹರಣೆ ಹಗ್ಗ ಮತ್ತು ಹಾವು. ಮಬ್ಬುಗತ್ತಲಲ್ಲಿ ಹಗ್ಗ ನೋಡಿ ಹಾವು ಅಂತ ಹೆದರ್ತೀವಿ. ದೀಪ ತಂದು ನೋಡಿದರೆ ಹಗ್ಗ. ಹಾವು ಹೋಯ್ತು, ಹೆದರಿಕೆಯೂ ಹೋಯ್ತು. ಜ್ಞಾನ ಬಂದ ಮೇಲೆ ಭ್ರಮೆಗೆ ಉಳಿಗಾಲ ಇಲ್ಲ ಅನ್ನೋದು ಅದರ ತಾತ್ಪರ್ಯ. ಶಂಕರಾಚಾರ್ಯರ ದೊಡ್ಡ ತತ್ವಕ್ಕೆ ಅದು ಸರಿಹೊಂದಬಹುದು, ಸಿನಿಮಾಕ್ಕೆ ಹೊಂದಲ್ಲ. ಲೀವ್ಸ್‌ಡೆನ್‌ನಲ್ಲಿ ದೀಪ ಹಿಡಿದು ತೋರಿಸೋಕೆ ಅಂತಲೇ ಜನ ನಿಂತಿರ್ತಾರೆ. ಇದು ಹಗ್ಗ, ಇದು ಗಂಟು, ಇಲ್ಲಿ ಬಣ್ಣ ಹಚ್ಚಿದೀವಿ ಅಂತ ವಿವರಿಸ್ತಾರೆ. ಆದರೂ ಹಾವು ಹೋಗಲ್ಲ.

ಟೂರ್ ಶುರುವಾಗುವ ರೀತಿ ನೋಡಿ. ಮೊದಲು ಒಂದು ಥಿಯೇಟರಿನಲ್ಲಿ ಕೂರಿಸಿ ಸಣ್ಣ ಚಿತ್ರ ತೋರಿಸ್ತಾರೆ. ಅದು ಮುಗಿದಾಗ ಎದುರಿಗೆ ಹಾಗ್ವರ್ಟ್ಸ್ ಶಾಲೆಯ ಗ್ರೇಟ್ ಹಾಲಿನ ದೊಡ್ಡ ಬಾಗಿಲು. ಅವತ್ತು ಹುಟ್ಟಿದ ಹಬ್ಬ ಇರುವವರು ಯಾರಾದರೂ ಇದಾರಾ ಅಂತ ಗೈಡ್ ಕೇಳಿ, ಅವರ ಕೈಯಲ್ಲಿ ಬಾಗಿಲು ತೆಗೆಸ್ತಾರೆ. ಒಳಗೆ ಉದ್ದದ ಮೇಜು, ಬೆಂಚು, ನಾಲ್ಕು ಮನೆಗಳ ಸಮವಸ್ತ್ರ. ತಲೆ ಎತ್ತಿ ನೋಡಿದರೆ ನಕ್ಷತ್ರ ತುಂಬಿದ ಮಂತ್ರದ ಚಾವಣಿ ಇಲ್ಲ. ಚಾವಣಿಯೇ ಇಲ್ಲ. ಕಬ್ಬಿಣದ ಸರಳು, ಸಾಲು ಲೈಟು. ಚಾವಣಿಯನ್ನ ಆಮೇಲೆ ಸೇರಿಸಿದ್ದು. ನನಗೆ ಅದು ಮೊದಲೇ ಗೊತ್ತಿತ್ತು. ಆದರೂ ಬಾಗಿಲು ತೆರೆದಾಗ ಗಂಟಲು ಕಟ್ಟಿತು. ಪಕ್ಕದಲ್ಲಿದ್ದ ಐವತ್ತು ದಾಟಿದ ಬಿಳಿ ಹೆಂಗಸೊಬ್ಬರು ಕಣ್ಣು ಒರೆಸಿಕೊಳ್ತಿದ್ರು. ಗೋಡೆ ಸುಳ್ಳು ಅಂತ ಅವರಿಗೆ ಗೊತ್ತಿರಲಿಲ್ವಾ?

ಆದರೆ ಅದೇ ಹಾಲಿನಲ್ಲಿ ಒಂದು ವಸ್ತು ಮಾತ್ರ ಸುಳ್ಳಲ್ಲ. ನೆಲ. ಪ್ರೊಡಕ್ಷನ್ ಡಿಸೈನರ್ ಸ್ಟುವರ್ಟ್ ಕ್ರೇಗ್ ಹಟ ಹಿಡಿದು ನಿಜವಾದ ಯಾರ್ಕ್ ಕಲ್ಲು ಹಾಸಿಸಿದರಂತೆ. ನೂರಾರು ಮಕ್ಕಳು, ಕ್ಯಾಮೆರಾ, ಟ್ರಾಲಿ ಎಲ್ಲ ಓಡಾಡುವ ಜಾಗ. ಬಣ್ಣ ಹಚ್ಚಿದ ಹಲಗೆ ತಡೆಯಲ್ಲ ಅನ್ನೋದು ಲೆಕ್ಕ. ಹತ್ತು ವರ್ಷ ಆ ಕಲ್ಲು ತಡೀತು, ಈಗ ನಮ್ಮಂಥವರ ಬೂಟುಗಳನ್ನೂ ತಡೀತಿದೆ. ಸುಳ್ಳು ಗೋಡೆ ನಿಲ್ಲಿಸೋಕೂ ಅಡಿಯಲ್ಲಿ ನಿಜವಾದ ಕಲ್ಲು ಬೇಕಾಗಿತ್ತು. ನಾನು ಬಗ್ಗಿ ಅದನ್ನ ಮುಟ್ಟಿ ನೋಡಿದೆ. ತಣ್ಣಗಿತ್ತು.

ನನ್ನ ಹೆಂಡತಿಗೆ ಇಂಥದ್ದೆಲ್ಲ ರೇಜಿಗೆ. "ನಿಂಗೆ ಮಜಾ ಮಾಡೋಕೂ ಡಾಕ್ಯುಮೆಂಟೇಶನ್ ಬೇಕು" ಅಂತಾಳೆ. ಬೇಕು, ಏನು ಮಾಡೋದು. ದಿನಾ ಹತ್ತು ಗಂಟೆ ಬ್ಯಾಕೆಂಡ್ ನೋಡುವವನು ನಾನು. ಜನ ಸ್ಕ್ರೀನಿನ ಮೇಲೆ ಹಸಿರು ಟಿಕ್ ಮಾರ್ಕ್ ನೋಡಿ 'ಪೇಮೆಂಟ್ ಆಯ್ತು' ಅಂದ್ಕೊಳ್ತಾರೆ. ಆ ಟಿಕ್ ಮಾರ್ಕಿನ ಹಿಂದೆ ಎಷ್ಟು ಕಡೆ ಟೇಪು ಅಂಟಿಸಿದೀವಿ ಅಂತ ನಮಗೆ ಗೊತ್ತು. ಆದರೂ ಸಂಜೆ ಅಂಗಡಿಯಲ್ಲಿ ಈರುಳ್ಳಿ ತಗೊಂಡು ನಾನೂ ಅದೇ ಟಿಕ್ ಮಾರ್ಕ್ ನೋಡಿ ಸಮಾಧಾನದಿಂದ ಮನೆಗೆ ಹೋಗ್ತೀನಿ.

ಗೊತ್ತಿದ್ದೂ ನಂಬೋದು ನನಗೆ ಹೊಸದಲ್ಲ. ನಮ್ಮೂರ ಬಯಲಿನಲ್ಲಿ ವರ್ಷಕ್ಕೊಂದೆರಡು ಸಲ ಯಕ್ಷಗಾನದ ಮೇಳ ಬರ್ತಿತ್ತು. ಮಕ್ಕಳಿಗೆ ಆಟಕ್ಕಿಂತ ಚೌಕಿಯ ಮೇಲೆ ಕಣ್ಣು. ಚೌಕಿ ಅಂದರೆ ರಂಗಸ್ಥಳದ ಹಿಂದೆ ವೇಷ ಕಟ್ಟುವ ಜಾಗ. ನಮ್ಮಜ್ಜ ಹೋಗಬೇಡ ಅಂತಿರಲಿಲ್ಲ. "ಹೋಗು, ಆದ್ರೆ ಚಪ್ಲಿ ಹೊರಗೆ ಬಿಟ್ಟು ಕೈಮುಗ್ದು ಹೋಗು" ಅಂತಿದ್ದ. ಚೌಕಿಯಲ್ಲಿ ಗಣಪತಿ ಇರ್ತಾನೆ. ಅವನಿಗೆ ಪೂಜೆ ಆಗದೆ ಯಾವ ವೇಷವೂ ರಂಗಕ್ಕೆ ಹೋಗಲ್ಲ. ಒಳಗೆ ಹೋದರೆ ಮಹಿಷಾಸುರ ಕನ್ನಡಿ ಹಿಡಿದು ಕೂತು, ಅಕ್ಕಿಹಿಟ್ಟು ಸುಣ್ಣ ಕಲಸಿದ ಚುಟ್ಟಿಯನ್ನ ಒಂದೊಂದೇ ಚುಕ್ಕಿಯಾಗಿ ಮುಖಕ್ಕೆ ಇಡ್ತಿರುತ್ತಿದ್ದ. ಅರ್ಧ ಮುಖ ರಾಕ್ಷಸ, ಅರ್ಧ ಮುಖ ಮನುಷ್ಯ. ಮನುಷ್ಯನ ಕಡೆಯ ತುಟಿಯಲ್ಲಿ ಬೀಡಿ. ಒಂದು ಸಲ ಅವರು ನನ್ನನ್ನ ನೋಡಿ "ಯಾರ ಮನೆ ಹುಡ್ಗ ನೀನು?" ಅಂತ ಬಹಳ ಮೆತ್ತಗೆ ಕೇಳಿದ್ದರು. ನಡುರಾತ್ರಿ ಕಳೆದ ಮೇಲೆ ಅದೇ ಮನುಷ್ಯ ಎರಡೂ ಕೈಲಿ ದೊಂದಿ ಹಿಡಿದು, ರಾಳದ ಪುಡಿ ಎರಚಿ ಬೆಂಕಿ ಎಬ್ಬಿಸಿಕೊಂಡು, ಪ್ರೇಕ್ಷಕರ ಹಿಂದಿನಿಂದ ಕೂಗ್ತಾ ನುಗ್ಗಿದಾಗ ನಾನು ಅಜ್ಜನ ಶಾಲಿನೊಳಗೆ. ಬೀಡಿ ನೋಡಿದ್ದು, ಮೆತ್ತಗಿನ ಮಾತು ಕೇಳಿದ್ದು ಯಾವುದೂ ಸಹಾಯಕ್ಕೆ ಬರಲಿಲ್ಲ.

ಇದಕ್ಕೆ ನಮ್ಮವರು ಯಾವತ್ತೋ ಒಂದು ಹೆಸರು ಇಟ್ಟಿದಾರೆ. ತೀ.ನಂ.ಶ್ರೀ. ಅವರ 'ಭಾರತೀಯ ಕಾವ್ಯಮೀಮಾಂಸೆ' ಓದಿದವರಿಗೆ ಗೊತ್ತಿರತ್ತೆ, ಚಿತ್ರತುರಗ ನ್ಯಾಯ. ಶ್ರೀಶಂಕುಕ ಅನ್ನುವ ಮೀಮಾಂಸಕನದ್ದು. ಗೋಡೆಯ ಮೇಲೆ ಬರೆದ ಕುದುರೆಯನ್ನ ನೋಡಿ ನಾವು 'ಕುದುರೆ' ಅಂತೀವಿ. ಆ ಅರಿವು ನಿಜ ಅಂತ ಹೇಳೋಕಾಗಲ್ಲ, ಯಾಕಂದ್ರೆ ಅದಕ್ಕೆ ಹುಲ್ಲು ಹಾಕೋಕೆ ಯಾರೂ ಹೋಗಲ್ಲ. ಸುಳ್ಳು ಅಂತಲೂ ಅಲ್ಲ, ಯಾರೂ ಮೋಸ ಹೋಗಿಲ್ಲ. ಕುದುರೆ ಹೌದೋ ಅಲ್ಲವೋ ಅನ್ನುವ ಸಂಶಯವೂ ಅಲ್ಲ. ಕುದುರೆ ಥರ ಇದೆ ಅನ್ನುವ ಬರೀ ಹೋಲಿಕೆಯೂ ಅಲ್ಲ. ಇವು ನಾಲ್ಕನ್ನೂ ಬಿಟ್ಟು ಬೇರೆಯದೇ ಒಂದು ಬಗೆಯ ತಿಳಿವು. ನಟನಲ್ಲಿ ರಾಮನನ್ನ ಕಾಣೋದು ಹೀಗೆ ಅಂತ ಅವನ ವಾದ. ಆಮೇಲೆ ಬಂದವರು ಆ ವಾದವನ್ನ ಚೆನ್ನಾಗಿ ಝಾಡಿಸಿದಾರೆ, ಅದು ಬೇರೆ ವಿಷಯ. ಆದರೆ ಲೀವ್ಸ್‌ಡೆನ್‌ನ ಗ್ರೇಟ್ ಹಾಲಿನಲ್ಲಿ ಕಣ್ಣು ಒರೆಸಿಕೊಳ್ತಿದ್ದ ಹೆಂಗಸಿನ ಪರವಾಗಿ ವಕಾಲತ್ತು ವಹಿಸೋಕೆ ನನಗೆ ಇದಕ್ಕಿಂತ ಒಳ್ಳೆ ಲಾಯರ್ ಸಿಕ್ಕಿಲ್ಲ.

ಶಂಕುಕ ಒಂದು ಪ್ರಶ್ನೆ ಕೇಳಲಿಲ್ಲ. ಕುದುರೆ ಬರೆದವನು ಯಾರು?

ಸ್ಟುಡಿಯೋ ಟೂರ್ ಅನ್ನೋದು ಪೂರ್ತಿ ಈ ಪ್ರಶ್ನೆಯ ಮೇಲೆ ನಿಂತಿದೆ. ಅಲ್ಲಿ ಹ್ಯಾರಿ ಇಲ್ಲ, ನಟರೂ ಇಲ್ಲ. ಇರೋದು ಬಡಗಿ, ಗಾರೆಯವನು, ದರ್ಜಿ, ವಿಗ್ ಮಾಡುವವಳು, ಅಕ್ಷರ ಬರೆಯುವವಳು ಇವರೆಲ್ಲ ಬಿಟ್ಟುಹೋದ ಕೆಲಸ. ಕೊನೆಯ ಭಾಗದಲ್ಲಿ ಹಾಗ್ವರ್ಟ್ಸ್ ಕೋಟೆಯ ಮಾದರಿ ಇದೆ, ನಿಜ ಅಳತೆಯ ಇಪ್ಪತ್ನಾಲ್ಕನೇ ಒಂದು ಭಾಗ. ಅಷ್ಟು ಚಿಕ್ಕದು ಮಾಡಿಯೂ ಸುಮಾರು 50 ಅಡಿ ಅಗಲ. ಮೊದಲ ಚಿತ್ರಕ್ಕೆ 86 ಜನ ಸೇರಿ ಕಟ್ಟಿದ್ದು. ಕಿಟಕಿ, ಲಾಟೀನುಗಳಿಗೆ ಅಂತ 2,500ಕ್ಕೂ ಹೆಚ್ಚು ಫೈಬರ್ ಆಪ್ಟಿಕ್ ದೀಪ. ಪುಟಾಣಿ ಬಾಗಿಲುಗಳಿಗೆ ತಿರುಗುವ ಕೀಲು. ಕಟ್ಟಿದ್ದು, ತಿದ್ದಿದ್ದು ಎಲ್ಲರ ಗಂಟೆಗಳನ್ನ ಕೂಡಿದರೆ 74 ವರ್ಷದ ಕೆಲಸ ಅಂತ ಅವರೇ ಹೇಳ್ತಾರೆ. ಕೋಣೆಯ ಬೆಳಕು ನಿಧಾನಕ್ಕೆ ಹಗಲಿಂದ ರಾತ್ರಿಗೆ ತಿರುಗಿ ಕಿಟಕಿಗಳೆಲ್ಲ ಹೊತ್ತಿಕೊಂಡಾಗ, ಅಲ್ಲಿಯವರೆಗೆ ಸೆಲ್ಫಿ ತೆಗೀತಿದ್ದವರೂ ಫೋನ್ ಇಳಿಸ್ತಾರೆ. ಒಬ್ಬ ಮನುಷ್ಯನ ಇಡೀ ಆಯುಸ್ಸು ಎದುರಿಗೆ ನಿಂತಿದೆ ಅನ್ನಿಸತ್ತೆ. ಮಂತ್ರದಂಡದ ಪೆಟ್ಟಿಗೆಗಳ ಕೋಣೆಯನ್ನೂ ನೋಡಬೇಕು. ಚಿತ್ರಗಳಿಗೆ ದುಡಿದವರ ಹೆಸರು ಒಂದೊಂದು ಪೆಟ್ಟಿಗೆಯ ಮೇಲೆ, ಸುಮಾರು 4,000 ಪೆಟ್ಟಿಗೆ. ಅಡುಗೆಯವರು ಯಾರು, ನಾಯಕ ಯಾರು ಅಂತ ಪೆಟ್ಟಿಗೆಯ ಗಾತ್ರದಲ್ಲಿ ಗೊತ್ತಾಗಲ್ಲ.

ಮೋಸ ಗೊತ್ತಾದಷ್ಟೂ ಪ್ರೀತಿ ಹೆಚ್ಚುವುದು ಯಾಕೆ ಅನ್ನೋದಕ್ಕೆ ನನ್ನ ಉತ್ತರ ಅಲ್ಲಿ ಸಿಕ್ಕಿತು. ಹಾವು ಹೋಗಿ ಬರೀ ಹಗ್ಗ ಉಳಿದರೆ ಬೇಜಾರು. ಆದರೆ ಹಗ್ಗ ಹೊಸೆದವರ ಕೈ ಕಾಣಿಸಿದರೆ ಬೆರಗು ಹೋಗಲ್ಲ, ಜಾಗ ಬದಲಿಸತ್ತೆ. ಡಂಬಲ್‌ಡೋರ್‌ನ ಜ್ಞಾನದ ಬಗ್ಗೆ ಇದ್ದ ಬೆರಗು ಟೆಲಿಫೋನ್ ಡೈರೆಕ್ಟರಿಗೆ ಬೈಂಡ್ ಹಾಕಿದವರ ಕಡೆ ಹೋಗತ್ತೆ. ಆ ಬೆರಗಿನ ಜೊತೆ ಒಂದು ಋಣವೂ ಬರತ್ತೆ. ಯಾರೋ ಗೊತ್ತಿಲ್ಲದವರು ನನ್ನ ಹಾಸ್ಟೆಲ್ ರಾತ್ರಿಗಳಿಗೋಸ್ಕರ ಇಷ್ಟು ದುಡಿದಿದಾರೆ ಅಂತ ಗೊತ್ತಾದ ಮೇಲೆ ಸುಮ್ಮನೆ ಇರೋಕಾಗಲ್ಲ.

ತೊಡಕು ಶುರುವಾಗೋದು ಇಲ್ಲಿಂದ. ಋಣ ಯಾರ ಹೆಸರಲ್ಲಿ ಬರೆದುಕೊಳ್ಳಬೇಕು ಅಂತ ತೀರ್ಮಾನ ಮಾಡಿದ್ದು ನಾನಲ್ಲ, ಟೂರ್ ಮಾಡಿಸಿದವರು. ತೆರೆಯ ಹಿಂದೆ ಅಂತ ಅವರು ತೋರಿಸಿದ್ದೂ ಇನ್ನೊಂದು ತೆರೆಯೇ. ಇದಕ್ಕೆ ಟೋಕಿಯೋಗಿಂತ ಬೇರೆ ಸಾಕ್ಷಿ ಬೇಡ. 2023ರ ಜೂನ್‌ನಲ್ಲಿ ಅಲ್ಲಿ, ಹಳೆಯ ತೋಶಿಮಾಯೆನ್ ಅಮ್ಯೂಸ್‌ಮೆಂಟ್ ಪಾರ್ಕ್ ಇದ್ದ ಜಾಗದಲ್ಲಿ, ಎರಡನೇ ಹ್ಯಾರಿ ಪಾಟರ್ ಸ್ಟುಡಿಯೋ ಟೂರ್ ಶುರುವಾಯ್ತು. ಹೆಸರು 'ದಿ ಮೇಕಿಂಗ್ ಆಫ್ ಹ್ಯಾರಿ ಪಾಟರ್'. ಆ ಎಂಟು ಚಿತ್ರಗಳಿಗೆ ಆ ಜಾಗದಲ್ಲಿ ಕ್ಯಾಮೆರಾ ಇಟ್ಟಿದ್ದೇ ಇಲ್ಲ. ಸೆಟ್ಟುಗಳನ್ನ ಹೊಸದಾಗಿ ಕಟ್ಟಿ, ಸಿನಿಮಾ ಹೇಗೆ ಮಾಡಿದರು ಅಂತ ತೋರಿಸ್ತಿದಾರೆ. ಮುಂದೆ ಏನೂ ಇಲ್ಲದ ಕಡೆ ಒಂದು ಹಿಂದೆ! ತಮಾಷೆ ಮಾಡ್ತಿಲ್ಲ, ಅವಕಾಶ ಸಿಕ್ಕಿದರೆ ಅಲ್ಲಿಗೂ ಹೋಗ್ತೀನಿ. ನಮ್ಮ ಅರಸಾಳು ರೈಲ್ವೆ ಸ್ಟೇಷನ್ನಿನ ಕಥೆಯೂ ಸ್ವಲ್ಪ ಹೀಗೆಯೇ. ಆರ್.ಕೆ. ನಾರಾಯಣ್ ಕಲ್ಪಿಸಿದ ಊರಿಗೆ ಶಂಕರ್‌ನಾಗ್ ಧಾರಾವಾಹಿಯಲ್ಲಿ ನಮ್ಮ ಸ್ಟೇಷನ್ ವೇಷ ಹಾಕಿತು, 2020ರಲ್ಲಿ ಆ ಹಳೇ ಕಟ್ಟಡ 'ಮಾಲ್ಗುಡಿ ಮ್ಯೂಸಿಯಂ' ಆಯ್ತು. ಈಗ ಬರುವ ಪ್ರವಾಸಿಗರಿಗೆ ಮಾಲ್ಗುಡಿ ನಿಜ, ಅರಸಾಳು ಅದರ ವಿಳಾಸ.

ಇನ್ನೂ ಗಂಭೀರವಾದ ತೊಡಕನ್ನ ನನಗೆ ತೋರಿಸಿದ್ದು ಮೇಣದಬತ್ತಿಗಳು. ಗ್ರೇಟ್ ಹಾಲಿನಲ್ಲಿ ಗಾಳಿಯಲ್ಲಿ ತೇಲುವ ಸಾವಿರಾರು ಮೇಣದಬತ್ತಿ ಇವೆಯಲ್ಲ, ಮೊದಲನೇ ಚಿತ್ರದಲ್ಲಿ ಅವನ್ನ ನಿಜವಾಗಿಯೂ ಸಣ್ಣ ತಂತಿಗಳಿಗೆ ಕಟ್ಟಿ ತೂಗುಹಾಕಿದ್ದರು. ಜ್ವಾಲೆಯ ಬಿಸಿಗೆ ತಂತಿ ಕಡಿದು ಬತ್ತಿಗಳು ಕೆಳಗೆ ಬೀಳೋಕೆ ಶುರುವಾದವು. ಕೆಳಗೆ ಮಕ್ಕಳು. ಆಮೇಲೆ ಆ ಕೆಲಸ ಕಂಪ್ಯೂಟರಿಗೆ ಹೋಯ್ತು. ಇದು ಅಭಿಮಾನಿಗಳೆಲ್ಲ ನಕ್ಕೊಂಡು ಹೇಳುವ ಕಥೆ. ನನಗೆ ಮಾತ್ರ ತಂತಿ ಅನ್ನೋ ಶಬ್ದ ಕೇಳಿದ ಕೂಡಲೇ ನನ್ನ ಚಿಕ್ಕಪ್ಪನ ಮಗನ ನೆನಪು.

ಅವನು ಬೆಂಗಳೂರಿನ ಒಂದು ವಿಎಫ್‌ಎಕ್ಸ್ ಸ್ಟುಡಿಯೋದಲ್ಲಿ ಆರು ವರ್ಷ ಕೆಲಸ ಮಾಡಿದ. ಹೊರದೇಶದ ಸಿನಿಮಾಗಳಿಗೆ ರೋಟೋ, ಪೇಂಟ್. ರೋಟೋ ಅಂದರೆ ಪ್ರತಿ ಫ್ರೇಮಿನಲ್ಲೂ ನಟನ ಅಂಚನ್ನ ಗೆರೆ ಎಳೆದು ಹಿನ್ನೆಲೆಯಿಂದ ಬಿಡಿಸೋದು. ಪೇಂಟ್ ಅಂದರೆ ತಂತಿ, ಕೊಕ್ಕೆ, ಮೈಕು, ಕನ್ನಡಕದಲ್ಲಿ ಕಾಣುವ ಕ್ಯಾಮೆರಾ ನೆರಳು, ಇವನ್ನೆಲ್ಲ ಅಳಿಸೋದು. ಸೆಕೆಂಡಿಗೆ 24 ಫ್ರೇಮ್. ಐದು ಸೆಕೆಂಡಿನ ಶಾಟ್ ಅಂದರೆ 120 ಸಲ. ನಟಿ ಕೂದಲು ಬಿಟ್ಟುಕೊಂಡು ಓಡಿದರೆ ಮುಗೀತು ಕಥೆ. "ಅಣ್ಣಾ, ಜಡೆ ಹಾಕ್ಕೊಂಡು ಸಾಹಸ ಮಾಡೋ ಒಬ್ಬಳಾದ್ರೂ ಹೀರೋಯಿನ್ ಬರಬಾರ್ದಾ" ಅಂತಿದ್ದ. ಡೆಡ್‌ಲೈನ್ ಇದ್ದಾಗ ಎರಡು ದಿನ ಮನೆಗೆ ಹೋಗ್ತಿರಲಿಲ್ಲ. ಊರಲ್ಲಿ ಚಿಕ್ಕಮ್ಮ "ನಮ್ಮ ಹುಡುಗ ಇಂಗ್ಲಿಷ್ ಸಿನಿಮಾ ಮಾಡ್ತಾನೆ" ಅಂತ ಎಲ್ಲರಿಗೂ ಹೇಳಿದ್ದರು. ಸಿನಿಮಾದಲ್ಲಿ ನೀನು ಮಾಡಿದ್ದು ಎಲ್ಲಿದೆ ತೋರಿಸು ಅಂತ ಅವರು ಟೀವಿ ಮುಂದೆ ಕೂತಾಗ ಇವನಿಗೆ ಪೇಚು. "ಇಲ್ಲಿ ನೋಡಮ್ಮ, ಇಲ್ಲಿ ಏನೂ ಕಾಣ್ತಿಲ್ಲ ಅಲ್ವಾ, ಅದೇ ನಾನು ಮಾಡಿದ್ದು."

ನಾನು ಲೀವ್ಸ್‌ಡೆನ್‌ನಿಂದ ಫೋಟೋ ಕಳಿಸಿದಾಗ ಅವನು ಖುಷಿಪಟ್ಟ, ಹೊಟ್ಟೆಕಿಚ್ಚೂ ಪಟ್ಟ. ಆ ಮೇಲಿನ ಸಲದ ಮಾತುಕತೆಯಲ್ಲಿ ಹೀಗಂದ: "ಅಣ್ಣಾ, ನಿಮ್ಮ ಬಡಗಿ ಕೆಲಸ ಚೆನ್ನಾಗಿ ಮಾಡಿದ್ರೆ ಜನ ನಿಂತು ನೋಡ್ತಾರೆ. ನನ್ನ ಕೆಲಸ ಕಣ್ಣಿಗೆ ಬಿದ್ರೆ ನಾನು ಕೆಟ್ಟದಾಗಿ ಮಾಡಿದೀನಿ ಅಂತ ಅರ್ಥ."

ಇದನ್ನ ನಾನು ಬಹಳ ದಿನ ಯೋಚಿಸಿದೀನಿ. ಮ್ಯೂಸಿಯಂನಲ್ಲಿ ಇಡಬಹುದಾದ ಕೆಲಸ, ಇಡಲಾಗದ ಕೆಲಸ ಅಂತ ಎರಡು ಜಾತಿ ಇದೆ. ಕೋಟೆಯ ಮಾದರಿ ಮೊದಲನೇ ಜಾತಿ. ಅಳಿಸಿದ ತಂತಿ ಎರಡನೇದು. ಟೂರ್‌ನಲ್ಲಿ ಗ್ರೀನ್ ಸ್ಕ್ರೀನ್ ಕೂಡ ಇದೆ, ಇಲ್ಲ ಅನ್ನಲ್ಲ. ಪೊರಕೆ ಮೇಲೆ ಕೂರಿಸಿ ಲಂಡನ್ ಮೇಲೆ ನಮ್ಮನ್ನ ಹಾರಿಸ್ತಾರೆ, ಫೋಟೋಗೆ ಬೇರೆ ದುಡ್ಡು. ಹಸಿರು ಬಟ್ಟೆ ಹೋಗಿ ಲಂಡನ್ ಬಂತು ಅಂತ ನಾವು ಚಪ್ಪಾಳೆ ತಟ್ಟೀವಿ. ಹಸಿರು ಬಟ್ಟೆ ತಾನಾಗೇ ಹೋಯ್ತು ಅನ್ನುವ ಭಾವನೆ ಮಾತ್ರ ಹಾಗೇ ಉಳಿಯತ್ತೆ. ಹೆಸರನ್ನ ಪೆಟ್ಟಿಗೆ ಮೇಲೆ ಬರೀಬಹುದು. ಇಲ್ಲದಿರುವುದನ್ನ ಯಾವ ಗಾಜಿನ ಬೀರುವಿನಲ್ಲಿ ಇಡ್ತೀರಿ?

ಕಾಣದ ಕೆಲಸಕ್ಕೆ ಬೆಲೆ ಕಟ್ಟೋದೂ ಕಷ್ಟ. ಇದು ನಮ್ಮ ಹುಡುಗನ ಸಂಕಟ ಮಾತ್ರ ಅಲ್ಲ. 2013ರ ಫೆಬ್ರವರಿ 24ರಂದು 'ಲೈಫ್ ಆಫ್ ಪೈ' ಚಿತ್ರಕ್ಕೆ ವಿಶುವಲ್ ಎಫೆಕ್ಟ್ಸ್ ಆಸ್ಕರ್ ಬಂತು. ದೋಣಿಯಲ್ಲಿ ಹುಡುಗನ ಜೊತೆ ಇದ್ದ ಹುಲಿ ಬಹುಪಾಲು ಕಂಪ್ಯೂಟರಿನದ್ದು. ಆ ಹುಲಿಯನ್ನ ಮಾಡಿದ ರಿದಮ್ ಆ್ಯಂಡ್ ಹ್ಯೂಸ್ ಅನ್ನುವ ಲಾಸ್ ಏಂಜಲೀಸ್ ಕಡೆಯ ಕಂಪನಿ ಅದೇ ತಿಂಗಳು ದಿವಾಳಿ ಅರ್ಜಿ ಹಾಕಿತ್ತು. ಅದಕ್ಕೆ ಮುಂಬೈ, ಹೈದರಾಬಾದಿನಲ್ಲೂ ಶಾಖೆಗಳಿದ್ದವು. ಸಮಾರಂಭದ ಹೊರಗೆ ವಿಎಫ್‌ಎಕ್ಸ್ ಕೆಲಸಗಾರರು ಪ್ರತಿಭಟನೆಗೆ ನಿಂತಿದ್ದರು. ಒಳಗೆ ಪ್ರಶಸ್ತಿ ತಗೊಂಡ ಬಿಲ್ ವೆಸ್ಟನ್‌ಹೋಫರ್ ಕಂಪನಿಯ ಕಷ್ಟದ ಮಾತು ಎತ್ತಿದಾಗ ಸಮಯ ಆಯ್ತು ಅಂತ 'ಜಾಸ್' ಚಿತ್ರದ ಮ್ಯೂಸಿಕ್ ಹಾಕಿ, ಮೈಕ್ ಬಂದ್ ಮಾಡಿದರು. ತಂತಿ ಅಳಿಸುವವರ ದನಿಯನ್ನೂ ಅಷ್ಟೇ ಚೊಕ್ಕವಾಗಿ ಅಳಿಸಿದರು.

ನಮ್ಮ ಹುಡುಗನ ಸ್ಟುಡಿಯೋ ಬಾಗಿಲು ಹಾಕಿದ್ದು ಇದಾಗಿ ಎಷ್ಟೋ ವರ್ಷಕ್ಕೆ. ಒಂದು ಬೆಳಗ್ಗೆ ಐಡಿ ಕಾರ್ಡಿಗೆ ಬಾಗಿಲು ತೆರೀಲಿಲ್ಲ. ಕೊನೆಯ ತಿಂಗಳ ಸಂಬಳಕ್ಕೆ ಇವತ್ತಿಗೂ ಮೇಲ್ ಬರೀತಿದಾನೆ. ಅವನು ಕೆಲಸ ಮಾಡಿದ ಒಂದು ಚಿತ್ರದ ಹೆಸರಿನ ಪಟ್ಟಿಯನ್ನ ನಾವಿಬ್ಬರೂ ಪಾಸ್ ಮಾಡಿ ಮಾಡಿ ನೋಡಿದ್ವಿ. ಏಳೆಂಟು ನಿಮಿಷ ಓಡುವ ಪಟ್ಟಿ. ಅವನ ಸ್ಟುಡಿಯೋದ ಹೆಸರಿತ್ತು, ಕೆಳಗೆ ಹತ್ತಿಪ್ಪತ್ತು ಜನರ ಹೆಸರಿತ್ತು. ಅವನದಿರಲಿಲ್ಲ.

ಹಾಗಾದರೆ ಅಭಿಮಾನಿಗೆ ಇದರಲ್ಲೇನು? ನಾನು ಟಿಕೆಟ್ ತಗೊಂಡೆ, ಸಿನಿಮಾ ನೋಡಿದೆ, ಲೆಕ್ಕ ಚುಕ್ತಾ ಅಲ್ವಾ? ಹಾಗಂತ ವಾದ ಮಾಡುವ ಗೆಳೆಯರು ನನಗಿದಾರೆ. ಅಕ್ಕಿ ತಿನ್ನುವಾಗ ನಾಟಿ ಮಾಡಿದವರ ಹೆಸರು ಕೇಳ್ತೀಯಾ ಅಂತ ಒಬ್ಬ ಕೇಳಿದ. ಒಳ್ಳೆ ಪ್ರಶ್ನೆ. ನಮ್ಮೂರಲ್ಲಿ ನನಗೆ ಹೆಸರು ಗೊತ್ತಿತ್ತು ಅನ್ನೋದು ಅದಕ್ಕೆ ಉತ್ತರ ಅಲ್ಲ, ಬೆಂಗಳೂರಿನಲ್ಲಿ ಗೊತ್ತಿಲ್ಲವಲ್ಲ. ಆದರೆ ಅಕ್ಕಿ ಅಂಗಡಿಯವನು ನನಗೆ 'ಬನ್ನಿ, ಈ ಅಕ್ಕಿಯ ಹಿಂದಿನ ಅಸಲಿ ಕಥೆ ತೋರಿಸ್ತೀನಿ' ಅಂತ ಟಿಕೆಟ್ ಮಾರಿಲ್ಲ. ಒಳಗನ್ನ ತೋರಿಸ್ತೀನಿ ಅಂತ ದುಡ್ಡು ತಗೊಂಡ ಮೇಲೆ, ಯಾವ ಒಳಗು ಅಂತ ಕೇಳುವ ಹಕ್ಕು ನನಗೆ ಬರತ್ತೆ. ಒಳಗನ್ನ ನೋಡಿದೀನಿ ಅಂತ ನಾಲ್ಕು ಜನರ ಮುಂದೆ ಜಂಭ ಕೊಚ್ಚಿಕೊಂಡ ಮೇಲೆ ಕೇಳುವ ಜವಾಬ್ದಾರಿಯೂ ಬರತ್ತೆ ಅಂತ ನನ್ನ ಅನಿಸಿಕೆ. ಎಂಟು ಸಿನಿಮಾಗಳ ಬಗ್ಗೆ ಇರುವ ಪ್ರೀತಿ ಇದರಿಂದ ಕಮ್ಮಿ ಆಗಬೇಕಿಲ್ಲ, ನನಗಂತೂ ಆಗಿಲ್ಲ. ಮಹಿಷಾಸುರ ಬೀಡಿ ಸೇದಿದ್ದು ನೋಡಿದ ಮೇಲೂ ಹೆದರಿಕೆ ಉಳಿದಿತ್ತಲ್ಲ, ಹಾಗೆ.

ಚೌಕಿಗೂ ಸ್ಟುಡಿಯೋ ಟೂರ್‌ಗೂ ಇರುವ ವ್ಯತ್ಯಾಸ ನನಗೆ ಈಗ ಹೀಗೆ ಕಾಣತ್ತೆ. ಚೌಕಿಯನ್ನ ಯಾರೂ ನನಗೋಸ್ಕರ ಜೋಡಿಸಿ ಇಟ್ಟಿರಲಿಲ್ಲ. ಅಲ್ಲಿ ವೇಷಧಾರಿಯೂ ಇದ್ದ, ಅವನ ಕಿರೀಟದ ಹಗ್ಗ ಬಿಗಿಯುವವನೂ ಇದ್ದ, ಪೆಟ್ಟಿಗೆ ಹೊರುವವನು ಮೂಲೆಯಲ್ಲಿ ನಿದ್ದೆ ಮಾಡ್ತಿದ್ದ. ಬೈಗುಳ ಕೇಳಿಸ್ತಿತ್ತು, ಸಂಬಳದ ಜಗಳವೂ ಕೇಳಿಸ್ತಿತ್ತು. ಅದನ್ನ ನೋಡೋಕೆ ನಾನು ಕೈಮುಗಿದು ಹೋಗಬೇಕಿತ್ತು, ಅಷ್ಟೇ ಟಿಕೆಟ್. ಚೌಕಿ ಅಂದರೆ ಸ್ವರ್ಗ ಅಂತ ಹೇಳ್ತಿಲ್ಲ. ಮೇಳದ ಜನರ ಬಡತನ ನಮ್ಮಜ್ಜ ಚೆನ್ನಾಗಿ ಬಲ್ಲ. ಆದರೆ ಅಲ್ಲಿ ನಿದ್ದೆ ಮಾಡುವವನೂ ಕಣ್ಣಿಗೆ ಬೀಳ್ತಿದ್ದ.

ಈಗ ಥಿಯೇಟರಿನಲ್ಲಿ ನಾನು ಹೆಸರು ಮುಗಿಯೋವರೆಗೂ ಏಳಲ್ಲ. ಕಸ ಗುಡಿಸೋಕೆ ಬಂದ ಹುಡುಗರು ಲೈಟ್ ಹಾಕಿ, ಈ ಸಿನಿಮಾದಲ್ಲಿ ಕೊನೆಗೇನೂ ಸೀನ್ ಇಲ್ಲ ಸಾರ್ ಅಂತಾರೆ. ಹೆಂಡತಿ ಪಾರ್ಕಿಂಗ್‌ನಿಂದ ಫೋನ್ ಮಾಡ್ತಾಳೆ. ಇದರಿಂದ ಯಾರ ಹೊಟ್ಟೆಯೂ ತುಂಬಲ್ಲ ಅಂತ ನನಗೆ ಗೊತ್ತು.

ಚಿಕ್ಕಪ್ಪನ ಮಗ ಶಿವಮೊಗ್ಗಕ್ಕೆ ವಾಪಸ್ ಹೋಗಿ ಮದುವೆ ಫೋಟೋ, ವಿಡಿಯೋ ಎಡಿಟಿಂಗ್ ಶುರು ಮಾಡಿದಾನೆ. ಕೆಲಸ ಬರ್ತಿದೆ. ಹೋದ ತಿಂಗಳು ಒಂದು ಮನೆಯವರು ಆಲ್ಬಮ್ ತಂದು, ಜಾಗದ ತಕರಾರಿನಲ್ಲಿ ಮಾತು ಬಿಟ್ಟ ಭಾವನನ್ನ ಎಲ್ಲಾ ಫೋಟೋದಿಂದಲೂ ತೆಗೆದುಕೊಡಿ ಅಂದರಂತೆ. ಧಾರೆ ಎರೆಯುವಾಗ ಆ ಭಾವ ಸರಿಯಾಗಿ ಮದುಮಗಳ ಹಿಂದೆ ನಿಂತಿದ್ದಾನೆ. ಕೈ ಅವಳ ಹೆಗಲ ಮೇಲೆ. ಭಾವನನ್ನ ತೆಗೆದ, ಕೈ ತೆಗೆಯೋಕೆ ಅರ್ಧ ದಿನ ಹಿಡೀತು. "ಎಷ್ಟು ತಗೊಂಡೆ?" ಅಂತ ಕೇಳಿದೆ. "ಫೋಟೋಕ್ಕೆ ಇನ್ನೂರು ಕೇಳ್ದೆ ಅಣ್ಣಾ. ಅಳ್ಸೋಕೆ ಯಾಕಪ್ಪಾ ಅಷ್ಟು ಅಂದ್ರು."